ಹಸಿ ಹಕ್ಕರಕಿ

ಕಾಶವ್ವನಿಗೆ ಎಚ್‌ಐವಿ ಇದೆಯೆಂದು ತಿಳಿದ ದಿನದಿಂದ ಅವಳ ಕೈಯ ನೀರನ್ನೂ ಮುಟ್ಟದ ಅಣ್ಣನ ಹೆಂಡತಿ ಅನ್ನವ್ವ, ನಾಲ್ಕು ವರ್ಷದ ಮೇಲೆ ಹಾನಗಲ್ಲಿನ ತೋಟಕ್ಕೆ ತಾನಾಗಿ ಬಂದಿದ್ದಳು. ಕಾಶವ್ವನೂ ಸೇರಿ ಅದೇ ಕಾಯಿಲೆಯ ಹನ್ನೊಂದು ಜನ, ಮೈಗೆ ಶಕ್ತಿ ಬರಲೆಂದು ತಮ್ಮ ಊಟದ ಸೊಪ್ಪು, ಕಾಯಿ ಬೆಳೆದುಕೊಳ್ಳುವ ತೋಟವದು.

"ಪೂಜಾನ ಲಗ್ನಕ್ಕ ನೀ ಬರಬೇಕ ನೋಡು. ಈಗ ಮನ್ಯಾಗ ಯಾರೂ ಏನೂ ಅನ್ನೂದಿಲ್ಲ," ಎಂದು ಅನ್ನವ್ವ ಮಗಳ ಲಗ್ನಪತ್ರಿಕೆ ಕೊಟ್ಟಳು.

ಕಾಶವ್ವನಿಗೆ ನಂಬಬೇಕೆನಿಸಿತು. ಅನ್ನವ್ವ ತಾನು ತಂದ ರೊಟ್ಟಿಯ ಬುತ್ತಿ ಬಿಚ್ಚಿದಾಗ, ತೋಟದ ಪಾತಿಯಿಂದ ಹಕ್ಕರಕಿ ಸೊಪ್ಪು ಕಿತ್ತು, ತೊಳೆದು ಮುಂದಿಟ್ಟಳು. ಈ ಸೀಮೆಯಲ್ಲಿ ಹಕ್ಕರಕಿಯನ್ನು ಹಸಿಯಾಗಿಯೇ ತಿನ್ನುತ್ತಾರೆ. ಅನ್ನವ್ವನಿಗಂತೂ ಅದಿಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕಾಶವ್ವ ಅನ್ನವ್ವನ ಕೈಯನ್ನೇ ನೋಡುತ್ತ ಕುಳಿತಳು. ಬೆರಳುಗಳು ಒಂದು ಎಲೆಯನ್ನು ಎತ್ತಿದವು, ತಿರುವಿದವು, ಬಾಯಿಯ ಹತ್ತಿರ ಹೋಗಿ ನಿಂತವು. ಆಮೇಲೆ ಅನ್ನವ್ವ ಅಷ್ಟೂ ಸೊಪ್ಪನ್ನು ಸೆರಗಿನಲ್ಲಿ ಗಂಟು ಕಟ್ಟಿದಳು.

"ಮನಿಗೆ ಒಯ್ದು ಕುದಿಸಿ ತಿಂತೇನಿ, ತಗೋ."

"ಹಕ್ಕರಕಿ ಯಾವಾಗಿಂದ ಕುದಸಾಕತ್ತೀರಿ, ವೈನಿ?"

ಕಾಶವ್ವ ಲಗ್ನಪತ್ರಿಕೆಯನ್ನು ಮಡಚಿ ಆ ಗಂಟಿನೊಳಗೆ ತುರುಕಿದಳು.

"ಇದನ್ನೂ ಅದರ ಕೂಡ ಕುದಸ್ರಿ," ಎಂದಳು.