ಹೊಟ್ಟೆಗೆ ಚುಚ್ಚಿದ ಸೂಜಿ

ಅತ್ತೆಗೆ ಅನುಮಾನ ಹತ್ತಿ ಮೂರು ತಿಂಗಳಾಗಿತ್ತು. ಸೊಸೆಗೆ ಸ್ತನ ಕ್ಯಾನ್ಸರ್, ಕೀಮೋ ನಡೆಯುತ್ತಿದೆ, ಅದು ಗೊತ್ತು. ಆದರೆ ಮೂವತ್ತೆರಡರ ಹೆಂಗಸಿಗೆ ಮುಟ್ಟು ನಿಂತದ್ದೇಕೆ? ಆಗಾಗ ಮೈ ಕಾದು ಬೆವರುವುದೇಕೆ? ಮೊನ್ನೆ ಬಟ್ಟೆ ಬದಲಿಸುವಾಗ ಹೊಟ್ಟೆಯ ಮೇಲೆ ಸೂಜಿಯ ಗುರುತೂ ಕಂಡಿತ್ತು. ಕಾಯಿಲೆ ಎದೆಗೆ, ಸೂಜಿ ಹೊಟ್ಟೆಗೆ!

ಕೇಳಿದರೆ ಸೊಸೆ ಮಾತು ತೇಲಿಸಿದಳು. ಮಗ ಮೊಬೈಲ್ ಹಿಡಿದು ಹೊರಗೆ ನಡೆದ. ಆಸ್ಪತ್ರೆಯವರು ಗರ್ಭಕೋಶಕ್ಕೇ ಕೈ ಹಾಕಿದ್ದಾರೆ, ಇವರಿಬ್ಬರೂ ಮುಚ್ಚಿಡುತ್ತಿದ್ದಾರೆ ಎಂದು ಅತ್ತೆ ತೀರ್ಮಾನಿಸಿಬಿಟ್ಟರು. ನಾಳೆ ಮತ್ತೆ ಕೀಮೋ. ಮನೆಯಲ್ಲೇ ಪುಸ್ತಕ ಬೈಂಡ್ ಮಾಡುವ ಅವರು, ರಟ್ಟು ಹಾಕಬೇಕಿದ್ದ ಪುಸ್ತಕಗಳ ರಾಶಿಯೊಳಗೆ ಸೊಸೆಯ ಆಸ್ಪತ್ರೆ ಫೈಲನ್ನು ತೂರಿಸಿಟ್ಟರು. ಫೈಲಿಲ್ಲದೆ ಹೇಗೆ ಹೋಗುತ್ತಾಳೋ ನೋಡೋಣ!

ಸೊಸೆ ಮನೆಯೆಲ್ಲ ಜಾಲಾಡಿ ಅಳುತ್ತ ಕೂತಾಗ ಪಕ್ಕದ ಮನೆಯ ನರ್ಸಮ್ಮ ಓಡಿಬಂದರು.

"ಫೈಲು ನನ್ನ ಹತ್ರಾನೇ ಇದೆ," ಅತ್ತೆ ಗುಡುಗಿದರು. "ಮೊದ್ಲು ಹೇಳಿ, ಇವಳ ಹೊಟ್ಟೆಗೆ ಏನ್ ಮಾಡಿದಾರೆ? ಮುಟ್ಟು ನಿಂತು ಕೆಟ್ಟ ರಕ್ತ ಒಳಗೇ ಉಳಿದ್ರೆ ಎದೆಯ ಗಂಟು ಮತ್ತೆ ಬೆಳೆಯಲ್ವಾ?"

"ಒಳಗೆ ಯಾವ ರಕ್ತಾನೂ ನಿಲ್ಲಲ್ಲಮ್ಮ," ಎಂದರು ನರ್ಸಮ್ಮ. "ಕೀಮೋ ಕ್ಯಾನ್ಸರನ್ನ ಹೊಡೆಯುವಾಗ ಅಂಡಾಶಯಕ್ಕೂ ಪೆಟ್ಟು ಬೀಳುತ್ತೆ. ಮುಟ್ಟು ಏರುಪೇರಾಗುತ್ತೆ, ನಿಂತೂ ಹೋಗಬಹುದು. ಈ ಬೆವರು ಅದರದ್ದೇ. ಚಿಕ್ಕ ವಯಸ್ಸಿನ ಎಷ್ಟೋ ಜನಕ್ಕೆ ಕೀಮೋ ಮುಗಿದ ಕೆಲವು ತಿಂಗಳಿಗೆ ವಾಪಸ್ ಬರುತ್ತೆ. ನಲವತ್ತು ದಾಟಿದವರಿಗೆ ಬರದೇ ಇರಲೂಬಹುದು."

"ಮತ್ತೆ ಆ ಸೂಜಿ?"

ಈಗ ಸೊಸೆಯೇ ಬಾಯಿಬಿಟ್ಟಳು. "ಅದು ತಿಂಗಳಿಗೊಂದು ಇಂಜೆಕ್ಷನ್, ಅತ್ತೆ. ಅಂಡಾಶಯಕ್ಕೆ ವಿಶ್ರಾಂತಿ ಕೊಟ್ಟು ಕಾಪಾಡೋಕೆ. ಅದರಿಂದ್ಲೂ ಮುಟ್ಟು ನಿಲ್ಲುತ್ತೆ. ಮುಂದೆ ಮಗು ಬೇಕು ಅಂತ ಕೀಮೋಗೆ ಮೊದ್ಲೇ ಡಾಕ್ಟರನ್ನ ಕೇಳಿ ಹಾಕಿಸ್ಕೊಂಡೆ. ಮಗು ಆಗೇ ಆಗುತ್ತೆ ಅಂತ ಅವರು ಮಾತು ಕೊಟ್ಟಿಲ್ಲ. ನಿಮಗೆ ಸುಮ್ನೆ ಆಸೆ ಹುಟ್ಟಿಸೋದು ಬೇಡ ಅಂತ ಹೇಳ್ಲಿಲ್ಲ."

ಅತ್ತೆಗೆ ನಾಚಿಕೆಯಾಯಿತು. ಆದರೂ ಅನುಮಾನದ ನಾಲಿಗೆ ಸುಮ್ಮನಿರಬೇಕಲ್ಲ! "ಅಂದ್ರೆ, ಈಗ ಬಸಿರಾಗೋ ಭಯ ಇಲ್ಲ ಅನ್ನಿ."

"ಇದೆ ಕಣಮ್ಮ!" ಎಂದರು ನರ್ಸಮ್ಮ. "ಮುಟ್ಟು ನಿಂತ್ರೂ ಕೆಲವರು ಬಸಿರಾಗ್ತಾರೆ. ಕೀಮೋ ನಡೀವಾಗ ಆದ್ರೆ ಮಗುಗೆ ಅಪಾಯ. ಹಾಗಂತ ಬಸಿರು ತಡೆಯೋ ಮಾತ್ರೆ ತಾವಾಗೇ ನುಂಗಬಾರ್ದು. ಏನು ಮಾಡ್ಬೇಕು ಅಂತ ಡಾಕ್ಟರನ್ನೇ ಕೇಳ್ಬೇಕು."

ಅತ್ತೆ ಎದ್ದು ಪುಸ್ತಕಗಳನ್ನು ಒಂದೊಂದಾಗಿ ಎತ್ತಿಟ್ಟು ಫೈಲು ಹೊರತೆಗೆದರು. ಅದರ ಮೂಲೆ ಮಡಚಿಹೋಗಿತ್ತು. ಗೋಂದು ಹಚ್ಚಿ ಬಟ್ಟೆಪಟ್ಟಿ ಅಂಟಿಸಿ ಸೊಸೆಯ ಕೈಗಿತ್ತರು. "ನಾಳೆ ನಾನೂ ಬರ್ತೀನಿ. ಆ ಡಾಕ್ಟರನ್ನ ಕೇಳೋದು ಇನ್ನೂ ಬೇಕಾದಷ್ಟಿದೆ."

ಅಕ್ಕತಂಗಿಯರೇ, ಅನುಮಾನ ಬಂದರೆ ತಪ್ಪಿಲ್ಲ. ಅದನ್ನು ಮನೆಯಲ್ಲಿ ಬಚ್ಚಿಟ್ಟು ಚಿಕಿತ್ಸೆ ತಪ್ಪಿಸಬೇಡಿ, ಆಸ್ಪತ್ರೆಗೇ ಒಯ್ದು ಕೇಳಿ. ಕೀಮೋ ಶುರುವಾಗುವ ಮೊದಲೇ ಕೇಳಿ: ನನ್ನ ಮುಟ್ಟು ಏನಾಗುತ್ತದೆ? ಮುಂದೆ ಮಗು ಬೇಕಿದ್ದರೆ ಈಗಲೇ ಏನು ಮಾಡಬೇಕು? ನಾಚಿಕೆ ಬೇಡ, ಕೇಳಿ.