ಸಣ್ಣ ಅಲ್ಲ ದೊರೆ, ಸಣ್ಣಿ

ಕಾವೇರಿ ಹೊಳೆಯಲ್ಲಿ ದೋಣಿ ಕಟ್ಟಿ ನಿಲ್ಲಿಸುವುದಕ್ಕೆ ಚಂದದ ಜಾಗ ಯಾವುದು ಎಂದು ನನ್ನನ್ನು ಮೊದಲು ಕೇಳಿದವನು ಒಬ್ಬ ಬಿಳಿ ದೊರೆ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೇಳುವುದಾದರೂ ಯಾಕೆ? ನಾನು ನಾಪೋಕ್ಲಿನಿಂದ ಕೆಳಗೆ ಒಂದು ಕಡವಿನಲ್ಲಿ ದೋಣಿ ನಡೆಸುವ ಬೀರ. ಈ ದಡದವರನ್ನು ಆ ದಡಕ್ಕೆ, ಆ ದಡದವರನ್ನು ಈ ದಡಕ್ಕೆ ದಾಟಿಸುವವನು. ದಾಟುವವರಿಗೆ ದಡ ಸಿಕ್ಕರೆ ಸಾಕು, ಚಂದ ಕಟ್ಟಿಕೊಂಡು ಏನಾಗಬೇಕು?

ದೊರೆ ಮಡಿಕೇರಿಯಲ್ಲಿ ಯಾವುದೋ ದೊಡ್ಡ ಕೆಲಸದವನು. ಹುತ್ತರಿ ಹಬ್ಬ ಮುಗಿದ ಮೇಲೆ ರಜೆ ಹಾಕಿ, ಹತ್ತು ದಿನ ಹೊಳೆಯ ಮೇಲೆ ತೇಲಿಕೊಂಡು ಫ್ರೇಜರ್‌ಪೇಟೆಗೆ ಹೋಗಬೇಕು ಅಂತ ಹೊರಟಿದ್ದ. ರಸ್ತೆ ಇದೆ, ಗಾಡಿ ಇದೆ, ಅವನ ಲಾಯದಲ್ಲಿ ಎರಡು ಕುದುರೆ ಇವೆ. ಆದರೂ ಹೊಳೆಯೇ ಬೇಕಂತೆ. ದೊರೆಗಳ ಹುಚ್ಚಿಗೆ ಮದ್ದಿಲ್ಲ. ನನ್ನ ಎರಡು ದೋಣಿಗಳನ್ನು ಜೋಡಿಸಿ ಬಿಗಿದು, ಮೇಲೆ ಬಿದಿರಿನ ತಟ್ಟಿ ಹಾಸಿ ಕೊಟ್ಟೆ. ಒಂದರ ಹೆಸರು ಕರಿಯ, ಇನ್ನೊಂದು ಕೆಂಚ. ಎತ್ತುಗಳಿಗೆ ಇಡುವ ಹಾಗೆ ನಾನೇ ಇಟ್ಟ ಹೆಸರು. ಮುಂದೆ ದೊರೆಯ ಕುರ್ಚಿ, ನಡುವೆ ಅವನ ಅಡುಗೆಯ ಗುಂಡ ಮತ್ತು ಅವನ ಪಾತ್ರೆ ಪಡಗ, ಹಿಂದೆ ಗಳ ಹಿಡಿದ ನಾನು.

"ಬೀರಣ್ಣ, ಎರಡು ದೋಣಿ ಮೇಲೆ ಕಾಲಿಟ್ಟವನ ಗತಿ ಏನಾಗ್ತದೆ ಗೊತ್ತಲ್ಲ?" ಎಂದು ಗುಂಡ ಹೊರಡುವಾಗಲೇ ಹಲ್ಲು ಕಿರಿದ.

"ಬಾಯಿ ಮುಚ್ಕೊಂಡು ಕೂತ್ಕೊ. ಇಲ್ಲಾಂದ್ರೆ ನಿನ್ನ ಗತಿ ಏನಾಗ್ತದೆ ಅಂತ ನಾನು ತೋರಿಸ್ತೀನಿ" ಎಂದೆ. ನನ್ನ ಬಾಯಿ ಹಾಗೆಯೇ. ಅದರಿಂದ ನಾನು ಕಳಕೊಂಡದ್ದನ್ನು ಮುಂದೆ ಹೇಳುತ್ತೇನೆ.

ದೊರೆ ಕನ್ನಡ ಮಾತಾಡುತ್ತಿದ್ದ. ಯಾರೋ ಮುನ್ಶಿ ಹಳೇ ಪುಸ್ತಕ ಮುಂದಿಟ್ಟುಕೊಂಡು ಕಲಿಸಿದ ಕನ್ನಡ. ದೋಣಿ ನಿಂತಲ್ಲೆಲ್ಲ ಒಂದು ಪುಸ್ತಕ ತೆರೆದು, "ಎಲೈ ಬೀರನೇ, ಈ ಸ್ಥಳದ ನಾಮಧೇಯವೇನು?" ಎನ್ನುವನು. ನಾನು ಹೇಳಿದ್ದನ್ನು ಬರೆದುಕೊಂಡು ಗಟ್ಟಿಯಾಗಿ ಓದಿ, ಸರಿಯೋ ಎಂದು ಕೇಳುವನು. ಮೊದಲ ದಿನ ಗುಂಡ ನಗು ತಡೆಯಲಾರದೆ ಸೌಟು ನೀರಿಗೆ ಬೀಳಿಸಿದ.

ಮೊದಲ ಸಂಜೆಯೇ ನಮಗೆ ಜಗಳ. ಬಿಸಿಲು ಬಿದ್ದು ಬಂಗಾರದ ಹಾಗೆ ಹೊಳೆಯುವ ಒಂದು ಮರಳದಿಬ್ಬ ಕಂಡು ದೊರೆ ಎದ್ದು ನಿಂತ. "ಅತ್ಯಂತ ರಮಣೀಯ! ಇಲ್ಲಿಯೇ ತಂಗುವ."

"ಅಲ್ಲಿ ಮೊಸಳೆ ಬಿಸಿಲು ಕಾಯಿಸ್ಕೊಳ್ತದೆ ದೊರೆ. ಹಗ್ಗ ಕಟ್ಟೋಕೆ ಒಂದು ಕಡ್ಡಿನೂ ಇಲ್ಲ" ಎಂದು ನಾನು ದೋಣಿಯನ್ನು ಎದುರು ದಡದ ಹೊಳೆಮತ್ತಿ ಮರದ ಕೆಳಗೆ ತಿರುಗಿಸಿದೆ. ನನ್ನ ತೊಡೆಯಷ್ಟು ದಪ್ಪದ ಬೇರು ನೀರಿಗೆ ಇಳಿದಿದೆ, ಎಂಥ ಸೆಳವಿಗೂ ಬಿಡುವುದಿಲ್ಲ. ಅವನಿಗೆ ಬೇಕಾದದ್ದು ಕಣ್ಣಿಗೆ ಚಂದ, ನನಗೆ ಬೇಕಾದದ್ದು ಹಗ್ಗಕ್ಕೆ ಬೇರು. ದೊರೆ ಮುಖ ಊದಿಸಿಕೊಂಡು ಕೂತ. ಸ್ವಲ್ಪ ಹೊತ್ತಿಗೆ ಆ ಮರಳದಿಬ್ಬದ ಮೇಲಿದ್ದ ಒಂದು ಕೊರಡು ಎದ್ದು ನಡೆದು ನೀರಿಗಿಳಿಯಿತು. ಆಮೇಲೆ ಅವನು ನನ್ನ ಮಾತಿಗೆ ಎದುರಾಡಲಿಲ್ಲ.

ನಿಜ ಹೇಳಬೇಕೆಂದರೆ ದಿನ ಕಳೆದ ಹಾಗೆ ನನಗೂ ಹೊಳೆ ಬೇರೆಯಾಗಿ ಕಂಡಿತು. ಬಲಮುರಿಯಲ್ಲಿ ನೀರು ಬಲಕ್ಕೆ ಹೊರಳುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಆದರೆ ಸುಮ್ಮನೆ ಕೂತು ನೋಡಿದ್ದು ಅವತ್ತೇ. ಇನ್ನೊಂದು ಸಂಜೆ ಬಿದಿರಿನ ಹಿಂಡಿಲಿಗೆ ಕಟ್ಟಿಕೊಂಡಿದ್ದಾಗ ಎದುರು ದಡದಲ್ಲಿ ಹನ್ನೊಂದು ಆನೆ ನೀರಿಗೆ ಬಂದವು. ಮರಿಯೊಂದು ಜಾರಿತು, ತಾಯಿ ಸೊಂಡಿಲಿನಿಂದ ಎತ್ತಿ ನಿಲ್ಲಿಸಿತು. ದೊರೆ ಪುಸ್ತಕ ಮುಚ್ಚಿಟ್ಟ. ಆನೆಗಳು ಹೋದ ಮೇಲೆ ನಿಟ್ಟುಸಿರು ಬಿಟ್ಟು, "ಎಡಿತಳು ಇದನ್ನು ನೋಡಬೇಕಿತ್ತು" ಎಂದ.

"ಯಾರು ದೊರೆ ಅದು?"

"ನನ್ನ ಪತ್ನಿಯು. ಸಮುದ್ರದಾಚೆ ನಮ್ಮ ಸೀಮೆಯಲ್ಲಿರುವಳು. ಇಲ್ಲಿಯ ಜ್ವರವು ಅವಳಿಗೆ ಆಗದು. ಈ ಎಲ್ಲ ಸ್ಥಳಗಳನ್ನು ಅವಳಿಗೇ ಬರೆಯುತ್ತಿರುವೆ." ಆಮೇಲೆ ಹೊಳೆಯ ಕಡೆ ತಿರುಗಿ ಇನ್ನೊಮ್ಮೆ ಎಡಿತ್ ಎಂದ. ನಾಚಿಕೆಯಿಲ್ಲ, ಹಿಂಜರಿಕೆಯಿಲ್ಲ. ಹೆಂಡತಿಯ ಹೆಸರನ್ನು ಬೇರೆಯವರ ಎದುರು ಗಂಡಸೊಬ್ಬ ಹಾಗೆ ಹೇಳುವುದನ್ನು ನಾನು ಕೇಳಿದ್ದು ಅದೇ ಮೊದಲು. ಮರುದಿನ ಬೆಳಿಗ್ಗೆ ಉಣ್ಣದೆ ಗಳ ಹಾಕಿದೆ.

ನನ್ನ ಹೆಂಡತಿಯ ಹೆಸರು ಸಣ್ಣಿ. ಅವಳು ನನ್ನ ಹೆಸರು ಹೇಳುತ್ತಿರಲಿಲ್ಲ. ಅದು ಸರಿಯೇ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆ, ಹೆಸರು ಹಿಡಿದು ಕೂಗುವವಳು ಹೆಂಡತಿಯೇ ಅಲ್ಲ ಅಂತ ನಮ್ಮಲ್ಲಿ ಮಾತಿದೆ. ಖಾನೇಶುಮಾರಿಯವನು ಮನೆಮನೆಯ ತಲೆ ಎಣಿಸುತ್ತ ಬಂದು ಗಂಡನ ಹೆಸರೇನಮ್ಮ ಎಂದಾಗ, ಸೆರಗು ಬಾಯಿಗೆ ಅಡ್ಡ ಹಿಡಿದು "ಹೇಡಿ ಅಲ್ಲದೋರು" ಎಂದಳಂತೆ. ಅವನು ತಲೆ ಕೆರೆದುಕೊಂಡು, ಧೈರ್ಯಪ್ಪನಾ, ಶೂರಪ್ಪನಾ ಎಂದೆಲ್ಲ ಕೇಳಿ, ಕೊನೆಗೆ ಬೀರನಾ ಎಂದಾಗ ಹ್ಞೂಂ ಎಂದಳು. ಕಡವೆಲ್ಲ ನಕ್ಕಿತು. ನಾನು ಎದೆ ಉಬ್ಬಿಸಿಕೊಂಡು ತಿರುಗಿದೆ.

ನಾನೂ ಅವಳ ಹೆಸರು ಹೇಳಲಿಲ್ಲ. ಹೊರಗೆ ಏಯ್, ಒಳಗೆ ಇವಳೇ. ಒಂದು ದಿನ ಆ ದಡದಿಂದ ನನ್ನ ನಾಯಿಯನ್ನು "ಬೊಳ್ಳಾ, ಬೊಳ್ಳಾ" ಅಂತ ಬಾಯಿ ತುಂಬ ಕರೆದು, ಅವಳಿಗೆ "ಏಯ್, ಬುತ್ತಿ ತಾ" ಎಂದೆ. ಬುತ್ತಿ ತಂದಿಟ್ಟು ಅವಳು ಹೇಳಿದಳು: "ನಾಯಿಗೆ ಹೆಸರಿದೆ. ದೋಣಿಗೂ ಹೆಸರಿಟ್ಟಿದ್ದೀರಿ. ನಂಗೆ ಮಾತ್ರ ಏಯ್. ಒಂದ್ಸಲ ಆದ್ರೂ ಹೆಸರು ಹಿಡಿದು ಕರೀರಿ."

"ಹೆಂಡ್ತಿ ಹೆಸರು ಕೂಗೋಕೆ ನಾನೇನು ಹರಾಜು ಹಾಕ್ತಿದ್ದೀನಾ?" ಎಂದೆ. ದೋಣಿಯಲ್ಲಿದ್ದವರು ಹೋ ಎಂದು ನಕ್ಕರು.

ಅವಳು ನಗಲಿಲ್ಲ. ತುಲಾ ಸಂಕ್ರಮಣಕ್ಕೆ ಸಿದ್ದಾಪುರದ ಕೆಳಗಿನ ತವರಿಗೆ ಹೊರಟು ನಿಂತಾಗ, "ಕರಕೊಂಡು ಬರೋಕೆ ಬರ್ತೀರಲ್ಲ, ಕಡವಲ್ಲಿ ನಿಂತು ನನ್ನ ಹೆಸರು ಕೂಗಿ. ದೋಣಿ ಹತ್ತುತೀನಿ. ಏಯ್ ಅಂದ್ರೆ ಹತ್ತಲ್ಲ" ಎಂದಳು. ಹೆಂಗಸರ ಮಾತು ಎಂದು ತಳ್ಳಿಹಾಕಿದೆ.

ಹದಿನೈದು ದಿನ ಬಿಟ್ಟು ಹೋದೆ. ಕಡವಿನ ತುಂಬ ಜನ. ಅವಳು ತಲೆಯ ಮೇಲೆ ಗಂಟು ಹೊತ್ತು, ಹೊರಡಲು ತಯಾರಾಗಿಯೇ ನಿಂತಿದ್ದಳು. ಹೆಸರು ಗಂಟಲಿನವರೆಗೆ ಬಂತು. ಅವಳ ಅಣ್ಣ ನೋಡುತ್ತಿದ್ದ, ಜನ ನೋಡುತ್ತಿದ್ದರು. "ಏಯ್" ಎಂದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ತಿರುಗಿ ದಡ ಹತ್ತಿ ಹೋದಳು. ಇನ್ನೊಮ್ಮೆ ಕೂಗಬಹುದಿತ್ತು. ಹೋದರೆ ಹೋಗು ಅಂತ ದೋಣಿ ತಿರುಗಿಸಿದೆ. ಅದಾಗಿ ಒಂಬತ್ತು ವರ್ಷ.

ಆನೆಗಳನ್ನು ನೋಡಿದ ಎರಡನೆಯ ದಿನ ದೊರೆ ಕೇಳಿದ: "ಬೀರನೇ, ಎಲ್ಲ ಸ್ಥಳಗಳನ್ನು ತೋರಿಸಿದೆ. ನಿನಗೆ ಅತಿ ಪ್ರಿಯವಾದದ್ದು ಯಾವುದು?"

ನಾನು ಗಳ ಊರಿ, ಮಧ್ಯಾಹ್ನದ ಹೊತ್ತಿಗೆ ಒಂದು ಚಪ್ಪಟೆ ಬಂಡೆಯ ಪಕ್ಕಕ್ಕೆ ದೋಣಿ ತಂದೆ. ಒಂದು ನೇರಳೆ ಮರ, ಅದರ ನೆರಳು, ಮೊಣಕಾಲುದ್ದ ತಿಳಿನೀರು. ಅಷ್ಟೇ. ಮದುವೆಯಾಗಿ ಅವಳನ್ನು ತವರಿನಿಂದ ಕರೆತರುವಾಗ ಇಲ್ಲಿ ದೋಣಿ ಕಟ್ಟಿದ್ದೆ. ಅವಳು ಬಂಡೆಯ ಮೇಲೆ ಕೂತು ಅವಲಕ್ಕಿ ತಿಂದು, ಕಾಲು ನೀರಿಗೆ ಬಿಟ್ಟುಕೊಂಡು, "ಇಲ್ಲೇ ಇದ್ದುಬಿಡೋಣ" ಎಂದಿದ್ದಳು.

ದೊರೆ ಅತ್ತಿತ್ತ ನೋಡಿದ. ಬೆಟ್ಟವಿಲ್ಲ, ಜಲಪಾತವಿಲ್ಲ. ಆದರೂ ಪುಸ್ತಕ ತೆರೆದ. "ಇದರ ನಾಮಧೇಯವೇನು?"

ಅದಕ್ಕೆ ಹೆಸರಿರಲಿಲ್ಲ. ಅಲ್ಲಿ ನಾವಿಬ್ಬರಲ್ಲದೆ ಯಾರೂ ದೋಣಿ ಕಟ್ಟಿದವರಿಲ್ಲ. ನನಗೆ ಏನಾಯಿತೋ, "ಸಣ್ಣಿ" ಎಂದೆ.

"ಸಣ್ಣ." ಅವನು ಬರೆಯಲು ಬಗ್ಗಿದ. "ಸಣ್ಣ ಏನು? ಸಣ್ಣ ಕಲ್ಲೋ, ಸಣ್ಣ ಮರವೋ?"

"ಸಣ್ಣ ಅಲ್ಲ ದೊರೆ, ಸಣ್ಣಿ."

"ಹಾಗೆಯೇ ಬರೆದಿರುವೆ. ಸಣ್ಣ..."

"ಥತ್! ಸಣ್ಣಿ! ಸಣ್ಣಿ, ಸಣ್ಣಿ, ಸಣ್ಣಿ!" ಎಂದು ಅರಚಿಬಿಟ್ಟೆ. ಎದುರು ದಡದ ಕಾಡು ಅದನ್ನು ನನಗೇ ತಿರುಗಿಸಿ ಹೇಳಿತು. ಗುಂಡ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದ.

"ಯಾರಣ್ಣ ಸಣ್ಣಿ?" ಎಂದ, ಮೆಲ್ಲಗೆ. ಈ ಸಲ ಹಲ್ಲು ಕಿರಿಯಲಿಲ್ಲ.

ಎಲ್ಲ ಹೇಳಿದೆ. ಒಂಬತ್ತು ವರ್ಷ ಯಾರಿಗೂ ಹೇಳದ್ದನ್ನು ಒಬ್ಬ ಅಡುಗೆಯವನಿಗೂ ಒಬ್ಬ ದೊರೆಗೂ ಹೇಳಿದೆ. ನಾಳೆ ದಾಟುವುದು ಅದೇ ಕಡವು, ಅವಳು ಇನ್ನೂ ಅಲ್ಲೇ ಇದ್ದಾಳೆ ಅಂತ ಸಂತೆಗೆ ಬರುವವರ ಬಾಯಲ್ಲಿ ಕೇಳಿದ್ದೇನೆ ಎಂದೆ. ದೊರೆ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, "ಹಾಗಾದರೆ ನಾಳೆ ಕೂಗು" ಎಂದ. ಅದೊಂದು ಮಾತನ್ನು ಅವನು ಸರಿಯಾದ ಕನ್ನಡದಲ್ಲಿ ಆಡಿದ.

ಆ ಸಂಜೆ ಬಂಡೆಯ ಮೇಲೆ ಒಬ್ಬನೇ ಕೂತು, ಕಾಲು ನೀರಿಗೆ ಬಿಟ್ಟುಕೊಂಡು ಹೆಸರನ್ನು ಮತ್ತೆ ಮತ್ತೆ ಹೇಳಿ ನೋಡಿದೆ. ಎರಡೇ ಅಕ್ಷರ. ನಾಲಿಗೆ ಸುಡಲಿಲ್ಲ, ಆಕಾಶ ಬೀಳಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಗಿತ್ತು. ಅವಳನ್ನು ಕುರ್ಚಿಯ ಹಿಂದೆ ಕೂರಿಸಿಕೊಂಡು ಫ್ರೇಜರ್‌ಪೇಟೆ ತೋರಿಸಿ ಮನೆಗೆ ಕರಕೊಂಡು ಹೋಗಬೇಕು ಅಂತೆಲ್ಲ ಲೆಕ್ಕ ಹಾಕಿದೆ.

ಮರುದಿನ ಭಾನುವಾರ. ಹತ್ತಿರದ ಕಾಫಿ ಎಸ್ಟೇಟಿಗೆ ರಜೆ, ಕಡವಿನಲ್ಲಿ ಹೆಂಗಸರು ಸಾಲಾಗಿ ಬಟ್ಟೆ ಒಗೆಯುತ್ತಿದ್ದರು. ದೋಣಿಯನ್ನು ಕಲ್ಲಿಗೆ ಕಟ್ಟಿ, ಎದ್ದು ನಿಂತು, ಕೂಗಿದೆ.

"ಸಣ್ಣೀ!"

ಮೂರು ತಲೆ ಒಟ್ಟಿಗೆ ತಿರುಗಿದವು. "ಯಾವ ಸಣ್ಣಿ ಬೇಕಯ್ಯ? ಇಲ್ಲಿ ಸಣ್ಣಿಯರ ಸಂತೇನೇ ಇದೆ!" ಎಂದು ಒಬ್ಬ ಮುದುಕಿ ನಕ್ಕಳು. ನಾಲ್ಕನೆಯವಳು ತಿರುಗಲಿಲ್ಲ. ಕಲ್ಲಿಗೆ ಒಗೆಯಲು ಎತ್ತಿದ ಬಟ್ಟೆ ಅವಳ ಕೈಯಲ್ಲೇ ನಿಂತಿತು. ಆ ಬೆನ್ನು ನನಗೆ ಗೊತ್ತು.

ಅವಳು ಬಟ್ಟೆ ಹಿಂಡಿ, ಕಲ್ಲಿನ ಮೇಲಿಟ್ಟು, ನೀರಂಚಿಗೆ ಬಂದಳು. ಮುಂದಲೆ ನರೆತಿತ್ತು.

"ಕೇಳಿಸ್ತು" ಎಂದಳು. "ಚೆನ್ನಾಗಿ ಕೂಗಿದ್ರಿ."

"ಹತ್ತು. ಸಣ್ಣಿ, ದೋಣಿ ಹತ್ತು."

ಅವಳು ದೋಣಿಯನ್ನು, ದೊರೆಯನ್ನು, ಗುಂಡನನ್ನು ನೋಡಿ ಮತ್ತೆ ನನ್ನನ್ನು ನೋಡಿದಳು. "ಕೂಗಿದ್ರೆ ಹತ್ತುತೀನಿ ಅಂದಿದ್ದೆ, ಹೌದು. ಆ ವರ್ಷ ಪೂರ್ತಿ ಕಾದೆ. ಮುಂದಿನ ವರ್ಷಾನೂ ಕಾದೆ. ಕಡವಲ್ಲಿ ಯಾರು ಏನು ಕೂಗಿದ್ರೂ ಕೆಲಸ ಬಿಟ್ಟು ಓಡಿಬಂದು ನೋಡ್ತಿದ್ದೆ. ಆಮೇಲೆ ಎಸ್ಟೇಟಿಗೆ ಸೇರಿದೆ. ದಿನಾ ಬೆಳಿಗ್ಗೆ ಕಾಫಿ ಪಿಕ್ಕಿಂಗಿಗೆ ಮೊದಲು ಕೂಲಿ ಲೈನಿನ ಮನೆಗಳ ಮುಂದೆ ನಿಲ್ಲಿಸಿ ಹಾಜರಿ ಬರೆಯೋ ರೈಟರು ಹೆಸರು ಕೂಗ್ತಾರೆ. ಸಣ್ಣೀ ಅಂತಾರೆ, ನಾನು ಹ್ಞಾಂ ಅಂತೀನಿ. ಮೊದಲನೇ ದಿನ ಅತ್ತುಬಿಟ್ಟೆ. ಈಗ ಅಳು ಬರಲ್ಲ."

"ರೈಟರು ಕೂಗೋದೂ ನಾನು ಕೂಗೋದೂ ಒಂದೇನಾ?" ನನ್ನ ಹಾಳು ಬಾಯಿ ಆಗಲೂ ಏರಿತು.

"ಒಂದೇ ಅಲ್ಲ" ಎಂದಳು. "ಅವರು ದಿನಾ ಕೂಗ್ತಾರೆ."

ಹೆಂಗಸರು ಒಗೆಯುವುದನ್ನು ನಿಲ್ಲಿಸಿದ್ದರು. ಅವರೆಲ್ಲರ ಎದುರಿಗೇ ತಪ್ಪಾಯ್ತು ಎಂದೆ. ಜನ ಏನಂದುಕೊಂಡಾರು ಅಂತ ಆಗ ಅನಿಸಲೇ ಇಲ್ಲ. ಅವಳು ಗೊತ್ತು ಎನ್ನುವಂತೆ ತಲೆಯಾಡಿಸಿದಳು. ಕೋಪವಿದ್ದಿದ್ದರೆ ನಾನು ಇನ್ನೂ ಬೇಡಿಕೊಳ್ಳುತ್ತಿದ್ದೆ. ಅವಳ ಮುಖದಲ್ಲಿ ಕೋಪವೇ ಇರಲಿಲ್ಲ.

"ಬೊಳ್ಳ ಇದ್ದಾನಾ?" ಎಂದು ಕೇಳಿದಳು.

"ಇಲ್ಲ. ಹೋಗಿ ನಾಲ್ಕು ವರ್ಷ ಆಯ್ತು."

"ಅಯ್ಯೋ ಪಾಪ. ಮನೇಲಿ ಮತ್ತೆ ಯಾರಿದ್ದಾರೆ?"

"ಯಾರೂ ಇಲ್ಲ" ಎಂದೆ.

ಅವಳು ಸೆರಗಿಗೆ ಕೈ ಒರೆಸಿಕೊಂಡಳು, ದೋಣಿಯ ಕಡೆ ಹೆಜ್ಜೆ ಇಡಲಿಲ್ಲ. ಕಣ್ಣು ಮಂಜಾಗಿ, ಗಳ ಊರಿ ದೋಣಿಯನ್ನು ದೂಡಿದೆ. ಹಗ್ಗ ಬಿಚ್ಚಿರಲಿಲ್ಲ. ಮೂವತ್ತು ವರ್ಷ ದೋಣಿ ನಡೆಸಿದವನು, ಕಟ್ಟಿದ ಹಗ್ಗ ಮರೆತಿದ್ದೆ. ದೋಣಿ ಜಗ್ಗಿ ನಿಂತು ದೊರೆ ಕುರ್ಚಿಯಿಂದ ಬೀಳುವುದರಲ್ಲಿದ್ದ. ಸಣ್ಣಿ ಕಲ್ಲಿನ ಹತ್ತಿರ ಬಗ್ಗಿ, ಗಂಟನ್ನು ಪೂರ್ತಿ ಬಿಚ್ಚಿ, ಹಗ್ಗ ಸುತ್ತಿ ನನ್ನತ್ತ ಎಸೆದಳು.

"ಬೀರಾ! ಹಗ್ಗ ಹಿಡ್ಕೊ!"

ಹಿಡಿದುಕೊಂಡೆ. ದಡದಿಂದ ಯಾರು ಬೇಕಾದರೂ ಯಾವ ದೋಣಿಯವನನ್ನು ಬೇಕಾದರೂ ಹಾಗೆ ಕೂಗುತ್ತಾರೆ. ಅವಳು ಒಗೆಯುವ ಕಲ್ಲಿನ ಹತ್ತಿರ ಹೋಗಿ ಮತ್ತೆ ಬಟ್ಟೆ ಎತ್ತಿಕೊಂಡಳು. ಗುಂಡ ತಲೆ ತಗ್ಗಿಸಿದ. ಅವನಿಗೆ ಅರ್ಥವಾಗಿತ್ತು.

ದೊರೆ ಮಾತ್ರ ಮುಖವರಳಿಸಿಕೊಂಡು ನನ್ನ ಕಡೆ ತಿರುಗಿದ. "ಕೇಳಿದೆಯಾ ಬೀರನೇ? ಅವಳೂ ನಿನ್ನ ನಾಮಧೇಯವನ್ನು ಕೂಗಿದಳು! ಇದು ಶುಭವಲ್ಲವೇ?"

"ಶುಭವೇ ದೊರೆ" ಎಂದು ಗಳ ಹಾಕಿದೆ.