ಮಾರ್ಷಲ್ ಓರಿನ್‌ನ ಐದು ತೋಟಾ

"ಅದನ್ನ ಇಲ್ಲಿ ಕೊಡಿ ಬರ್ಡೆಟ್," ಎನ್ನುತ್ತ ಹೆಸ್ಟರ್ ಹೋಟೆಲಿನವನ ಕೈಯಿಂದ ತೀರಿಕೊಂಡ ಗಂಡ ಓರಿನ್‌ನ ರಿವಾಲ್ವರ್ ಕಿತ್ತುಕೊಳ್ಳಲು ಹೋದಳು. ಬರ್ಡೆಟ್ ಬಿಡಲಿಲ್ಲ. ಶವಪೆಟ್ಟಿಗೆ ಆಗಲೇ ಗಾಡಿ ಏರಿತ್ತು.

"ಅಮ್ಮಾವ್ರೇ, ಏಳು ಜನರನ್ನ ಮಲಗಿಸಿದ ಕೋಲ್ಟ್ ಇದು! ಸಮಾಧಿ ಗುಂಡಿ ಹತ್ರ ಗೌರವಕ್ಕೆ ಐದೂ ತೋಟಾ ಹಾರಿಸದಿದ್ರೆ ಸಾಲ್ಟ್ ವೆಲ್ಸ್ ಊರಿಗೇ ಅವಮಾನ."

"ಏಳಲ್ಲ, ಒಂಬತ್ತು," ಎಂದಳು ಬಟ್ಟೆ ಒಗೆಯುವ ಮಾಟಿಲ್ಡಾ. "ಮೇಲಕ್ಕೆ ಚಿಮ್ಮಿಸಿದ ನಾಣ್ಯ ಕೆಳಗೆ ಬೀಳೋದ್ರೊಳಗೆ ತೂತು ಮಾಡ್ತಿದ್ರಂತೆ."

"ನೀನು ನೋಡಿದ್ಯಾ?" ಎಂದ ಬರ್ಡೆಟ್.

"ನೋಡಿದೋರನ್ನ ನೋಡಿದ್ದೀನಿ!"

ಇಂಥ ಕತೆಗಳನ್ನು ಹೆಸ್ಟರ್ ಇಪ್ಪತ್ತು ವರ್ಷ ಕೇಳಿದ್ದಳು, ಹೇಳುವವರಿಗೆ ಕಾಫಿಯನ್ನೂ ಕೊಟ್ಟಿದ್ದಳು. ಇವತ್ತು ಮಾತ್ರ ಅವಳ ಕಣ್ಣು ಬರ್ಡೆಟ್‌ನ ಕೈ ಬಿಟ್ಟು ಅಲುಗಲಿಲ್ಲ. ಆ ರಿವಾಲ್ವರಿನಿಂದ ಗುಂಡು ಹಾರುವುದೇ ಇಲ್ಲವೆಂದು ಬಲ್ಲವಳು ಈಗ ಅವಳೊಬ್ಬಳೇ. ಓರಿನ್ ಜೈಲಿಗಟ್ಟಿದ್ದ ಗಂಡಸರಲ್ಲಿ ಎಷ್ಟೋ ಮಂದಿ ಟೋಪಿ ಕಳಚಿ ಅಂಗಳದಲ್ಲೇ ನಿಂತಿದ್ದರು. ಮಣ್ಣಾಗುವ ಮೊದಲೇ ಅವನು ಇವರ ಮುಂದೆ ನಗೆಪಾಟಲಾಗಬೇಕೇ?

*

ಇಪ್ಪತ್ತು ವರ್ಷದ ಹಿಂದೆ, ಓರಿನ್ ಊರಿನ ಕಾನೂನು ಕಾಯುವ ಮಾರ್ಷಲ್ ಆದ ಹೊಸತು. ಬಲ್ಲವರು ರಿವಾಲ್ವರಿನ ಆರು ಗೂಡುಗಳಲ್ಲಿ ಐದಕ್ಕೇ ತೋಟಾ ತುಂಬುತ್ತಾರೆ. ತೋಟಾವನ್ನು ಬಡಿದು ಸಿಡಿಸುವ ಮೊಳೆಯ ಎದುರಿನ ಗೂಡನ್ನು, ಕೈತಪ್ಪಿ ಬಿದ್ದರೂ ಸಿಡಿಯದಿರಲೆಂದು, ಖಾಲಿ ಬಿಡುತ್ತಾರೆ. ಓರಿನ್ ಎದೆಯ ಮೇಲಿನ ಹೊಸ ಬಿಲ್ಲೆಯ ಅಮಲಿನಲ್ಲಿ ಆರನ್ನೂ ತುಂಬಿದ್ದ. ಕುರ್ಚಿಗೆ ನೇತುಹಾಕಿದ್ದ ಸೊಂಟಪಟ್ಟಿ ಜಾರಿತು, ರಿವಾಲ್ವರ್ ನೆಲಕ್ಕೆ ಬಡಿದು ತಾನೇ ಸಿಡಿಯಿತು. ಹೆಸ್ಟರ್ ಹಿಟ್ಟು ನಾದುತ್ತಿದ್ದ ಬೋಗುಣಿ ಅವಳ ಕೈಯಲ್ಲೇ ಚೂರಾಯಿತು.

ಓರಿನ್ ಅವಳ ಕೈ, ಮುಖ, ಹೊಟ್ಟೆ ಎಲ್ಲ ಮುಟ್ಟಿ ನೋಡಿದ. ಆಮೇಲೆ ಅರ ತಂದು ಆ ಮೊಳೆಯನ್ನು ಪೂರ್ತಿ ಉಜ್ಜಿ ಹಾಕಿದ.

"ತಲೆ ಕೆಟ್ಟಿದೆಯೇನ್ರೀ? ನಾಳೆ ಯಾರಾದ್ರೂ ಎದುರು ನಿಂತ್ರೆ?"

"ಮಾತಾಡ್ತೀನಿ. ಬಾಯಿ ಇದೆಯಲ್ಲ."

"ಸಾಯಿಸಿಬಿಡ್ತಾರೆ!"

"ಊರವ್ರು ನನ್ನ ಮೇಲೆ ಎಂಥೆಂಥ ಕತೆ ಕಟ್ತಾರೆ ನೋಡ್ತಿರು. ಅದರ ಮುಂದೆ ತೋಟಾ ಯಾವ ಲೆಕ್ಕ?"

ಅವನೆಂದಂತೆಯೇ ಆಯಿತು. ಆದರೆ ಅವನು ಮನೆಗೆ ಬರುವವರೆಗೆ ಹೆಸ್ಟರ್ ಒಂದು ದಿನವೂ ನೆಮ್ಮದಿಯಾಗಿ ಊಟ ಮಾಡಲಿಲ್ಲ.

*

ಗುಂಡಿಯ ಬಳಿ ಪಾದ್ರಿಯ ಪ್ರಾರ್ಥನೆ ಮುಗಿಯಿತು. ಬರ್ಡೆಟ್ ಗತ್ತಿನಿಂದ ರಿವಾಲ್ವರನ್ನು ಆಕಾಶಕ್ಕೆ ಎತ್ತಿದ.

ಟಕ್.

"ತೋಟಾ ತೇವ ಹಿಡಿದಿದೆ," ಎಂದ. ಮತ್ತೆ ಟಕ್. ಮೂರನೆಯ ಸಲಕ್ಕೆ ಹಿಂದೆ ಯಾರೋ ಕಿಸಕ್ಕೆಂದರು.

"ಕೊಡಯ್ಯ ಇಲ್ಲಿ." ಮುಂದೆ ಬಂದವನು ಕೆಸ್ಲರ್. ಒಂದು ಕಾಲಕ್ಕೆ ದನ ಕದಿಯುವುದರಲ್ಲಿ ಸುತ್ತಲ ಸೀಮೆಗೇ ಹೆಸರುವಾಸಿ, ಓರಿನ್ ಕೈಗೆ ಸಿಕ್ಕಿ ಆರು ವರ್ಷ ಜೈಲು ಕಂಡವನು. ರಿವಾಲ್ವರನ್ನು ತಿರುಗಿಸಿ ಹೆಬ್ಬೆರಳಿನಿಂದ ಸವರಿದ. ಅವನ ಮುಖದ ಬಣ್ಣವೇ ಬದಲಾಯಿತು.

"ಮೊಳೆಯೇ ಇಲ್ಲವಲ್ಲ... ಅಮ್ಮಾವ್ರೇ, ನನ್ನ ಹಿಡಿದ ದಿನ?"

ಇನ್ನು ಮುಚ್ಚಿಡುವುದೇನಿದೆ? ಹೆಸ್ಟರ್ ತಲೆಯೆತ್ತಿದಳು. "ಆ ದಿನಾನೂ ಇರ್ಲಿಲ್ಲ. ಏಳೂ ಇಲ್ಲ, ಒಂಬತ್ತೂ ಇಲ್ಲ. ನನ್ನ ಗಂಡ ಒಬ್ಬರನ್ನೂ ಕೊಂದೋರಲ್ಲ. ನಗೋರು ನನ್ನ ಮುಖ ನೋಡ್ಕೊಂಡು ನಗಿ."

"ನನ್ನ ಎರಡೂ ಕೈಲಿ ರಿವಾಲ್ವರ್ ಇತ್ತು," ಎಂದ ಕೆಸ್ಲರ್ ಮೆಲ್ಲಗೆ. "ಮಾರ್ಷಲ್ ಸೀದಾ ನನ್ನೆದೆ ಹತ್ರ ಬಂದು ನಿಂತ್ರು. 'ಊಟ ಆಯ್ತೇನೋ ಕೆಸ್ಲರ್?' ಅಂದ್ರು. ಅಷ್ಟೇ."

ಯಾರೂ ನಗಲಿಲ್ಲ. ಬರ್ಡೆಟ್ ನೆಲ ನೋಡುತ್ತಿದ್ದ. ಕೆಸ್ಲರ್ ಬಗ್ಗಿ ರಿವಾಲ್ವರನ್ನು ಪೆಟ್ಟಿಗೆಯ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಅಂದು ಶರಣಾದಂತೆಯೇ ಎರಡೂ ಕೈಗಳನ್ನು ನಿಧಾನವಾಗಿ ತಲೆಯ ಮೇಲಕ್ಕೆ ಎತ್ತಿ ನಿಂತ. ಅವನ ಹಿಂದಿದ್ದ, ಓರಿನ್ ಜೈಲಿಗಟ್ಟಿದ್ದ ಇನ್ನೊಬ್ಬನೂ ಕೈ ಎತ್ತಿದ. ಬೇಲಿಯ ಹತ್ತಿರ ಮತ್ತಿಬ್ಬರು. ಹಗ್ಗ ಸಡಿಲಿ ಪೆಟ್ಟಿಗೆ ಗುಂಡಿಯ ತಳ ಮುಟ್ಟುವವರೆಗೂ ಅವರಲ್ಲಿ ಒಬ್ಬನೂ ಕೈ ಇಳಿಸಲಿಲ್ಲ.